ಆಟದ ಹಿಡಿಕೆಯೂ ಆಡುವವನ ಕೈಯೂ

ಕಳೆದ ಮಳೆಗಾಲದಲ್ಲಿ ಒಂದು ದಿನ, ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ, ಎಂಟನೆಯ ತರಗತಿಯ ಕೋಣೆಯಿಂದ ದೊಡ್ಡ ನಗೆಯೊಂದು ಕೇಳಿಬಂದಿತು. ಬಾಂದ್ರಾದ ಮಳೆಯನ್ನು ನೀವು ಬಲ್ಲಿರಿ, ಹೊರಗೆ ಕಾಲಿಡುವಂತಿರಲಿಲ್ಲ. ಒಳಗೆ ಹೋಗಿ ನೋಡಲಾಗಿ ಹತ್ತಾರು ಹುಡುಗರು ಒಂದು ಚಿತ್ರದ ಸುತ್ತ ನೆರೆದಿದ್ದರು. ಚಿತ್ರದಲ್ಲಿ ಬಿಳಿಯ ಬಣ್ಣದ ಒಂದು ಚಪ್ಪಟೆ ಪೆಟ್ಟಿಗೆ. ಅದರ ಮೇಲೆ ಅಂಗೈಯಷ್ಟು ಅಗಲದ ಎರಡು ಕರಿಯ ಗುಂಡಿಗಳು.

"ಇದು ವಿಡಿಯೋ ಗೇಮ್ ಆಡುವ ಕಂಟ್ರೋಲರ್ ಅಂತೆ ಸರ್, ರೊಟ್ಟಿ ತಟ್ಟುವ ಮಣೆಯ ಹಾಗಿದೆ!" ಎಂದು ಒಬ್ಬನು ಹೇಳಿದನು. "ಇದನ್ನು ಕೈಯಲ್ಲಿ ಹಿಡಿಯುವುದಾದರೂ ಹೇಗೆ?" ಎಂದು ಇನ್ನೊಬ್ಬನು ಕೇಳಿದನು. ನನಗೂ ಉತ್ತರ ತಿಳಿದಿರಲಿಲ್ಲ. ಚಿತ್ರವನ್ನು ತಂದ ಹುಡುಗನು ಮಾತ್ರ ನಗುತ್ತಿರಲಿಲ್ಲ. ಅವನ ವಿಷಯವನ್ನು ಕೊನೆಯಲ್ಲಿ ಹೇಳುವೆನು. ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟಾಗ ನಾನು ಅರಿತುಕೊಂಡ ಸಂಗತಿಗಳನ್ನು ಮೊದಲು ನಿಮ್ಮ ಮುಂದಿಡುತ್ತೇನೆ.

ವಿದ್ಯಾರ್ಥಿಗಳೇ, ಪರದೆಯ ಮೇಲಿನ ಆಟಗಳು ಹುಟ್ಟಿದ ಕಾಲದಲ್ಲಿ ಅವುಗಳಲ್ಲಿ ಕೆಲವಕ್ಕೆ ಹಿಡಿಕೆಯೇ ಇರಲಿಲ್ಲ. 1962ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ತರುಣರು ಒಂದು ಕಂಪ್ಯೂಟರಿನ ಮೇಲೆ ಆಕಾಶ ನೌಕೆಗಳ ಕಾಳಗದ ಆಟವೊಂದನ್ನು ರಚಿಸಿದರು. ಅದರ ಹೆಸರು 'ಸ್ಪೇಸ್‌ವಾರ್'. ಆಡುವವರು ಕಂಪ್ಯೂಟರಿನ ಮುಖಪಟ್ಟಿಯಲ್ಲಿದ್ದ ಸ್ವಿಚ್ಚುಗಳನ್ನೇ ಮೇಲೆ ಕೆಳಗೆ ತಳ್ಳಬೇಕಾಗಿತ್ತು. ಆ ಸ್ವಿಚ್ಚುಗಳು ಆಟಕ್ಕಾಗಿ ಇಟ್ಟವುಗಳಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಆಟಗಾರರ ಮೊಣಕೈಗಳು ನೋಯತೊಡಗಿದವು. ಆಗ ಅಲನ್ ಕೋಟಾಕ್, ಬಾಬ್ ಸಾಂಡರ್ಸ್ ಎಂಬ ಇಬ್ಬರು ಸೇರಿ ಸ್ವಿಚ್ಚುಗಳುಳ್ಳ ಪ್ರತ್ಯೇಕ ಪೆಟ್ಟಿಗೆಗಳನ್ನು ಮಾಡಿ, ಉದ್ದವಾದ ತಂತಿಯಿಂದ ಜೋಡಿಸಿದರು. ಹೀಗೆ ಈ ಉಪಕರಣದ ಕುಲಮೂಲದಲ್ಲಿ ಮೊಣಕೈ ನೋವು ಇದೆ! ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತರುವಾಯದ ಇತಿಹಾಸವನ್ನು ಬೇಗ ಹೇಳಿ ಮುಗಿಸಬಹುದು. 1977ರಲ್ಲಿ ಅಟಾರಿ ಕಂಪನಿಯು ಒಂದು ಕೋಲು, ಒಂದು ಕೆಂಪು ಗುಂಡಿ ಇದ್ದ ಹಿಡಿಕೆಯನ್ನು ತಂದಿತು. 1982ರಲ್ಲಿ ಜಪಾನಿನ ನಿಂಟೆಂಡೋ ಕಂಪನಿಯ ಗುನ್ಪೇ ಯೊಕೋಯಿ ಎಂಬವರು ಕೋಲನ್ನು ತೆಗೆದುಹಾಕಿ, ಹೆಬ್ಬೆರಳಿನಿಂದ ನಾಲ್ಕೂ ದಿಕ್ಕಿಗೆ ಒತ್ತಬಹುದಾದ ಒಂದು ಅಧಿಕ ಚಿಹ್ನೆಯಂಥ ಗುಂಡಿಯನ್ನು ಹೂಡಿದರು. (1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನ ಎಲೆಗಳನ್ನು ಮಾಡುವುದಕ್ಕಾಗಿ ಹುಟ್ಟಿದ ಕಂಪನಿ ಇದು!) ಅಲ್ಲಿಂದ ಮುಂದೆ ಹಿಡಿಕೆಯು ಎರಡು ಕೈಗಳಿಂದ ಹಿಡಿದು, ಎರಡು ಹೆಬ್ಬೆರಳುಗಳಿಂದ ನಡೆಸುವ ವಸ್ತುವಾಯಿತು. ವರುಷ ಕಳೆದಂತೆ ಗುಂಡಿಗಳು ಹೆಚ್ಚಿದವು. ಕೆಳಗೆರಡು ಕೊಂಬುಗಳು ಮೂಡಿದವು. ಹುಡುಗರ ಬೆರಳುಗಳು ಆ ಆಕಾರಕ್ಕೆ ಎಷ್ಟು ಒಗ್ಗಿಹೋದವೆಂದರೆ, ನೀವು 'ಕ' ಅಕ್ಷರವನ್ನು ಬರೆಯುವಾಗ ಹೇಗೆ ಆಲೋಚಿಸುವುದಿಲ್ಲವೋ ಹಾಗೆ ಅವರು ಯಾವ ಗುಂಡಿ ಎಲ್ಲಿದೆಯೆಂದು ಆಲೋಚಿಸುತ್ತಿರಲಿಲ್ಲ.

ಇಂಥ ಕೈಗಳ ಮುಂದೆ ಹೊಸದೊಂದು ಆಕಾರವನ್ನು ಇಟ್ಟರೆ ಏನಾಗುತ್ತದೆ? 2005ರ ಸೆಪ್ಟೆಂಬರಿನಲ್ಲಿ ಟೋಕಿಯೋ ನಗರದ ಆಟಗಳ ಪ್ರದರ್ಶನದಲ್ಲಿ ನಿಂಟೆಂಡೋ ಕಂಪನಿಯ ಅಧ್ಯಕ್ಷರಾದ ಸತೋರು ಇವಾಟಾ ಅವರು ವೇದಿಕೆಯ ಮೇಲೆ ಒಂದು ವಸ್ತುವನ್ನು ಎತ್ತಿ ತೋರಿಸಿದರು. ಅದು ಟಿವಿಯ ರಿಮೋಟಿನಂತಿತ್ತು. ಒಂದೇ ಕೈಯಿಂದ ಹಿಡಿಯುವಂಥದು, ಗುಂಡಿಗಳು ಕೆಲವೇ. ಅದರೊಡನೆ ತೋರಿಸಿದ ಚಲನಚಿತ್ರದಲ್ಲಿ ಆಟದ ದೃಶ್ಯವೇ ಇರಲಿಲ್ಲ. ಮುದುಕರು, ಮಕ್ಕಳು, ಗಂಡುಹೆಣ್ಣುಗಳು ಆ ಕಡ್ಡಿಯನ್ನು ಬೀಸುವುದು, ಚುಚ್ಚುವುದು, ತಿರುಗಿಸುವುದು ಮಾತ್ರ ಕಾಣುತ್ತಿತ್ತು.

ಪಳಗಿದ ಆಟಗಾರರಲ್ಲಿ ಹಲವರಿಗೆ ಇದು ಸರಿಬೀಳಲಿಲ್ಲ. ಗಂಟೆಗಟ್ಟಲೆ ಕೈ ಬೀಸಿದರೆ ತೋಳು ಸೋಲುವುದಿಲ್ಲವೇ? ಕೂದಲೆಳೆಯಷ್ಟು ನಿಖರತೆ ಬೇಕಾದ ಆಟವನ್ನು ಗಾಳಿಯಲ್ಲಿ ಕೈಯಾಡಿಸಿ ಆಡಲಾದೀತೇ? ಇದು ಚಿಕ್ಕ ಮಕ್ಕಳ ಗಿಲಕಿಯಲ್ಲವೇ? ಹೀಗೆಲ್ಲ ಅವರು ಕೇಳಿದರು. ಈ ಶಂಕೆಗಳಿಗೆ ಹಿಂದಿನ ಅನುಭವದ ಆಧಾರವೂ ಇತ್ತು. 1989ರಲ್ಲಿ 'ಪವರ್ ಗ್ಲವ್' ಎಂಬ ಕೈಗವಸೊಂದು ಬಂದಿತ್ತು. ಬೆರಳು ಮಡಿಸಿದರೆ ಆಟ ನಡೆಯುವುದೆಂದು ಹೇಳಿ ಮಾರಿದ ಆ ಗವಸು ಕೈಯ ಸನ್ನೆಯನ್ನು ಸರಿಯಾಗಿ ಗುರುತಿಸುತ್ತಿರಲಿಲ್ಲ. ಅದಕ್ಕೆಂದೇ ರಚಿಸಿದ ಆಟಗಳು ಎರಡೇ ಎರಡು. ಅದು ಬೇಗನೆ ಮೂಲೆ ಸೇರಿತು.

ಈ ಹೊಸ ಕಡ್ಡಿಯು ಕೈಯ ಚಲನೆಯನ್ನು ಅರಿಯುವ ಬಗೆಯನ್ನು ಬಾಂದ್ರಾದ ಹುಡುಗರಿಗೆ ತಿಳಿಸುವುದು ಬಲು ಸುಲಭ. ನೀವು ಬಾಂದ್ರಾದಿಂದ ಚರ್ಚ್‌ಗೇಟಿನ ಕಡೆಯ ಲೋಕಲ್ ಗಾಡಿಯನ್ನು ಏರಿದ್ದೀರಿ ಎನ್ನಿ. ತಲೆಯ ಮೇಲೆ ಸಾಲಾಗಿ ತೂಗುವ ಹಿಡಿಗಳನ್ನು ನೋಡಿರಿ. ಗಾಡಿ ನಿಂತಿರುವಾಗ ಅವು ನೇರವಾಗಿ ನೆಲದತ್ತ ಇಳಿಬಿದ್ದಿರುತ್ತವೆ. ಗಾಡಿ ಹೊರಟು ವೇಗ ಪಡೆಯುತ್ತಿರುವಷ್ಟು ಹೊತ್ತು ಅವೆಲ್ಲವೂ ಹಿಂದಕ್ಕೆ, ಅಂದರೆ ಖಾರದ ಕಡೆಗೆ, ವಾಲುತ್ತವೆ. ವೇಗವು ಒಂದೇ ಸಮನಾದಾಗ ಮತ್ತೆ ನೇರವಾಗುತ್ತವೆ. ಮಾಹಿಮ್ ಬಂದು ಬ್ರೇಕು ಹಾಕಿದಾಗ ಮುಂದಕ್ಕೆ ಬಾಗುತ್ತವೆ. ಕಿಟಕಿಗಳನ್ನೆಲ್ಲ ಮುಚ್ಚಿದ್ದರೂ, ಆ ಹಿಡಿಗಳನ್ನು ಮಾತ್ರ ನೋಡಿ ಗಾಡಿಯ ವೇಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೀವು ಹೇಳಬಲ್ಲಿರಿ. ಕಡ್ಡಿಯೊಳಗೆ ಇರುವುದು ಇಂಥದೇ ಒಂದು ಹಿಡಿ. ಆದರೆ ಅದು ಕಣ್ಣಿಗೆ ಕಾಣದಷ್ಟು ಚಿಕ್ಕದು. ಸಿಲಿಕಾನಿನ ಒಂದು ತುಣುಕು, ಅದರಷ್ಟೇ ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಅದು ಎಷ್ಟು ಸರಿಯಿತೆಂಬುದನ್ನು ವಿದ್ಯುತ್ತಿನ ಮೂಲಕ ಅಳೆಯುತ್ತಾರೆ. ಭೂಮಿಯ ಸೆಳೆತವು ಸದಾ ಇರುವುದರಿಂದ, ಕಡ್ಡಿಯು ಯಾವ ಕಡೆಗೆ ಓರೆಯಾಗಿದೆ ಎಂಬುದೂ ತಿಳಿಯುತ್ತದೆ. ಈ ಉಪಕರಣಕ್ಕೆ ಆಕ್ಸಿಲರೋಮೀಟರ್ ಎಂದು ಹೆಸರು; ವೇಗೋತ್ಕರ್ಷಮಾಪಕ ಎನ್ನಬಹುದು. ನಿಮ್ಮ ಮನೆಯ ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದು ಇದರಿಂದಲೇ.

ಅಂದಹಾಗೆ, ಈ ತಂತ್ರವು ಜಪಾನಿನ ಕಡ್ಡಿಗಿಂತ ಮೊದಲೇ ನಮ್ಮ ಬೆಂಗಳೂರಿನ ಒಂದು ಯಂತ್ರದಲ್ಲಿತ್ತೆಂಬುದು ನಿಮಗೆ ಸೋಜಿಗವೆನಿಸಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮುಂದಾಗಿ ರೂಪಿಸಿದ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರಿನ 'ಅಮಿಡಾ' ಎಂಬ ಮಾದರಿಯು 2004ರಲ್ಲಿ ಹೊರಬಂದಿತು. ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ಕೊಡಹಿದರೆ ಪುಟ ಮಗುಚುತ್ತಿತ್ತು. ಆದರೆ ನಿರೀಕ್ಷಿಸಿದ್ದರಲ್ಲಿ ಒಂದು ಸಣ್ಣ ಪಾಲು ಮಾತ್ರ ಮಾರಾಟವಾಯಿತು. ಬುದ್ಧಿವಂತಿಕೆಯ ವಸ್ತುಗಳೆಲ್ಲವೂ ಗೆಲ್ಲುವುದಿಲ್ಲ.

ಜಪಾನಿನ ಕಡ್ಡಿ ಗೆದ್ದಿತು. 'ವೀ' ಎಂಬ ಹೆಸರಿನಿಂದ ಆ ಯಂತ್ರವು 2006ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಕಾಲಕ್ರಮದಲ್ಲಿ 10 ಕೋಟಿಗೂ ಮಿಕ್ಕಿ ಮಾರಾಟವಾಯಿತು. ಹಿಂದೆಂದೂ ಆಟದ ಯಂತ್ರವನ್ನು ಮುಟ್ಟದ ತಾಯಂದಿರೂ ಅಜ್ಜಂದಿರೂ ಅದನ್ನು ಹಿಡಿದರು. ವೃದ್ಧಾಶ್ರಮಗಳಲ್ಲಿ ಕುಳಿತಲ್ಲಿಂದಲೇ ಬೌಲಿಂಗ್ ಆಟ ನಡೆಯಿತು. ಗುಂಡಿಗಳು ಹೆಚ್ಚಿದಷ್ಟೂ ಹೊಸಬರು ಹೆದರುತ್ತಾರೆ ಎಂಬ ಕಂಪನಿಯ ಊಹೆ ನಿಜವಾಗಿತ್ತು.

ಹಾಗಾದರೆ ನಕ್ಕವರು ಮೂರ್ಖರೇ? ಅಲ್ಲ. ಹೀಗೆಂದು ತೀರ್ಮಾನಿಸುವವರು ಅವಸರ ಮಾಡುತ್ತಾರೆ. ಟೆನಿಸ್ ಆಟದಲ್ಲಿ ತೋಳನ್ನೆಲ್ಲ ಬೀಸಬೇಕಾಗಿರಲಿಲ್ಲ, ಸೋಫಾದ ಮೇಲೆ ಒರಗಿ ಮಣಿಕಟ್ಟನ್ನು ಮಿಡಿದರೂ ಚೆಂಡು ಹಾರುತ್ತಿತ್ತು. ಕೈಯ ತಿರುವನ್ನು ಕಡ್ಡಿಯು ಪೂರ್ತಿಯಾಗಿ ಅರಿಯಲಾರದೆಂಬ ದೂರು ಸತ್ಯವಾಗಿತ್ತು. ಆದುದರಿಂದಲೇ 2009ರಲ್ಲಿ ತಿರುವನ್ನು ಅಳೆಯುವ ಇನ್ನೊಂದು ಭಾಗವನ್ನು ಅದಕ್ಕೆ ಜೋಡಿಸಬೇಕಾಯಿತು. ಆವೇಶದಿಂದ ಬೀಸಿದವರ ಕೈಯಿಂದ ಕಡ್ಡಿಯು ಜಾರಿ ಹಾರಿದ್ದೂ ಉಂಟು. ಮಣಿಕಟ್ಟಿನ ದಾರಗಳು ಕಿತ್ತುಬರತೊಡಗಿದ್ದರಿಂದ ಮೊದಲ ಡಿಸೆಂಬರಿನಲ್ಲಿಯೇ ಸುಮಾರು 32 ಲಕ್ಷ ದಾರಗಳನ್ನು ಬದಲಾಯಿಸಿಕೊಡಲು ಕಂಪನಿಯು ಒಪ್ಪಿತು.

ನಗೆಯು ವಸ್ತುವನ್ನೇ ಬದಲಿಸಿದ ಸಂದರ್ಭಗಳೂ ಇವೆ. ಅದೇ 2005ರಲ್ಲಿ ಸೋನಿ ಕಂಪನಿಯು ಬಾಳೆಹಣ್ಣಿನಂತೆ ಬಾಗಿದ ಒಂದು ಹಿಡಿಕೆಯನ್ನು ಪ್ರದರ್ಶಿಸಿತು. ಜನರು ಅದನ್ನು ಬೂಮರಾಂಗ್ ಎಂದು ಹಾಸ್ಯ ಮಾಡಿದರು. ಮರುವರ್ಷ ಯಂತ್ರವು ಅಂಗಡಿಗೆ ಬಂದಾಗ ಹಿಡಿಕೆಯು ಹಳೆಯ ಆಕಾರಕ್ಕೇ ಮರಳಿತ್ತು. ಮೈಕ್ರೋಸಾಫ್ಟ್ ಕಂಪನಿಯ 2001ರ ಹಿಡಿಕೆಯು ಬಹಳ ದಪ್ಪನಾಗಿತ್ತು. ಜಪಾನಿನ ಆಟಗಾರರ ಕೈಗೆ ಅದು ಒಗ್ಗದೆಂದು ಅಲ್ಲಿಗಾಗಿ ಚಿಕ್ಕದೊಂದನ್ನು ಮಾಡಿದರು. ಕೊನೆಗೆ ಆ ಚಿಕ್ಕದೇ ಎಲ್ಲೆಡೆಯೂ ನಿಂತಿತು. ಕ್ರಿಕೆಟ್ಟಿನವರಿಗೂ ಒಂದು ಮಾತು: 2010ರ ಐಪಿಎಲ್ ಪಂದ್ಯದಲ್ಲಿ ಮ್ಯಾಥ್ಯೂ ಹೇಡನ್ನರು ಉದ್ದ ಹಿಡಿ, ಗಿಡ್ಡ ಹಲಗೆಯ 'ಮಂಗೂಸ್' ಬ್ಯಾಟನ್ನು ಹಿಡಿದು ದಿಲ್ಲಿಯ ಮೇಲೆ 43 ಚೆಂಡುಗಳಲ್ಲಿ 93 ಓಟ ಗಳಿಸಿದರು. ಆದರೂ ಆ ಬ್ಯಾಟು ಬಳಕೆಯಲ್ಲಿ ಉಳಿಯಲಿಲ್ಲ. ಹೊಡೆಯಲು ಚೆನ್ನಾಗಿದ್ದುದು ತಡೆಯಲು ಚೆನ್ನಾಗಿರಲಿಲ್ಲ.

ಹೊಸ ಆಕಾರವನ್ನು ಕಂಡಾಗ ನಮ್ಮಲ್ಲಿ ಏಳುವ ಅಸಮಾಧಾನದಲ್ಲಿ ಎರಡು ಬಗೆ ಬೆರೆತಿರುತ್ತವೆ ಎಂದು ನನಗೆ ತೋರುತ್ತದೆ. ಒಂದು, ವಸ್ತುವಿನ ದೋಷ. ಇನ್ನೊಂದು, ನಮ್ಮ ಕೈಯ ರೂಢಿ. ಇವೆರಡನ್ನು ಬೇರ್ಪಡಿಸುವುದು ಸುಲಭವಲ್ಲ. ಇದಕ್ಕೆ ಕನ್ನಡದ್ದೇ ಒಂದು ನಿದರ್ಶನವಿದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದವರು. ಅವರು ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆಯ ವಿನ್ಯಾಸವೇ 'ನುಡಿ' ತಂತ್ರಾಂಶದಲ್ಲಿ ನೆಲೆಗೊಂಡಿತು. ಅದರಲ್ಲಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳನ್ನು ಒತ್ತಬೇಕು. ಎಫ್ ಎಂಬುದು ಒತ್ತಕ್ಷರವನ್ನು ಕೂಡಿಸುವ ಕೀಲಿ. ಡಬ್ಲ್ಯೂ ಎಂಬುದು 'ಡ'. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೂಢಿಯಿರುವ ನಿಮ್ಮಲ್ಲಿ ಅನೇಕರು ಇದನ್ನು ಕೇಳಿ ನಕ್ಕಿದ್ದೀರಿ. ಡಬ್ಲ್ಯೂ ಏಕೆ 'ಡ'ಕಾರವಾಗಬೇಕು? ಏಕೆಂದರೆ ಡಿ ಎಂಬ ಕೀಲಿಯು ಆಗಲೇ 'ದ'ಕಾರಕ್ಕೆ ಸಂದಿದೆ, ಕನ್ನಡಕ್ಕೆ ಎರಡೂ ಬೇಕು. ಇಲ್ಲಿ ಎಡವಿದ್ದು ಕೀಲಿಮಣೆಯಲ್ಲ, ನಮ್ಮ ರೂಢಿ. ನಾನೂ ಮೊದಲ ವಾರ ಗೊಣಗಿದವನೇ. ಕಲಿತ ಮೇಲೆ ಬೆರಳುಗಳು ಗೊಣಗುವುದನ್ನು ನಿಲ್ಲಿಸಿದವು.

ಇನ್ನು ಆ ಬಿಳಿಯ ಪೆಟ್ಟಿಗೆ. ಅದು 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಹೊರತಂದ 'ಅಡಾಪ್ಟಿವ್ ಕಂಟ್ರೋಲರ್'. ಅದನ್ನು ಕೈಯಲ್ಲಿ ಹಿಡಿಯುವುದು ಹೇಗೆಂಬ ಪ್ರಶ್ನೆಗೆ ಉತ್ತರವಿಷ್ಟೇ: ಹಿಡಿಯಬೇಕಾಗಿಲ್ಲ. ಮೇಜಿನ ಮೇಲೆ, ತೊಡೆಯ ಮೇಲೆ, ನೆಲದ ಮೇಲೆ ಇಟ್ಟು, ಅಂಗೈ, ಮೊಣಕೈ, ಪಾದ ಯಾವುದರಿಂದಾದರೂ ಒತ್ತಬಹುದು. ಪೆಟ್ಟಿಗೆಯ ಹಿಂಭಾಗದಲ್ಲಿ ಇಯರ್‌ಫೋನು ಚುಚ್ಚುವಂಥ 19 ತೂತುಗಳಿವೆ. ಒಂದೊಂದು ತೂತೂ ಒಂದೊಂದು ಗುಂಡಿಯ ಪ್ರತಿನಿಧಿ. ಯಾರ ದೇಹದ ಯಾವ ಭಾಗ ಚೆನ್ನಾಗಿ ಆಡುವುದೋ ಅಲ್ಲಿಗೆ ಒಂದು ಸ್ವಿಚ್ಚನ್ನು ಇಟ್ಟು, ಅದರ ತಂತಿಯನ್ನು ಆ ತೂತಿಗೆ ಸಿಕ್ಕಿಸಿದರೆ ಸಾಕು. ಅದು ಬರುವ ರಟ್ಟಿನ ಡಬ್ಬವನ್ನು ಸಹ ಕೈಬಲವಿಲ್ಲದವರು ತೆರೆಯುವಂತೆ ಕುಣಿಕೆಗಳನ್ನು ಇಟ್ಟು ಮಾಡಿದ್ದಾರೆ. ಅಂಗವೈಕಲ್ಯವುಳ್ಳ ಆಟಗಾರರೇ ಅದರ ರಚನೆಯ ಕಾಲದಲ್ಲಿ ಸಲಹೆ ಕೊಟ್ಟಿದ್ದರು. 1962ರ ಮೊಣಕೈ ನೋವು ನೆನಪಾಯಿತೇ?

ಚಿತ್ರವನ್ನು ತಂದ ಹುಡುಗನಿಗೆ ಬಲಗೈಯಲ್ಲಿ ಹುಟ್ಟಿನಿಂದ ಶಕ್ತಿಯಿಲ್ಲ. ಗೆಳೆಯರ ಮನೆಯಲ್ಲಿ ಎಲ್ಲರೂ ಸರದಿಯಂತೆ ಆಡುವಾಗ ಅವನು ಅಂಕಗಳನ್ನು ಬರೆಯುವ ಕೆಲಸವನ್ನು ತಾನಾಗಿ ವಹಿಸಿಕೊಳ್ಳುತ್ತಿದ್ದನಂತೆ. ಅದರ ಕಾರಣವನ್ನು ಯಾರೂ ಕೇಳಿರಲಿಲ್ಲ. ಈ ವಿಷಯವನ್ನು ನಾನು ತಿಳಿಸಲಿಲ್ಲ. ಬಿಡುವು ಮುಗಿಯುವ ಹೊತ್ತಿಗೆ ಅವನೇ ಎದ್ದು ಹೇಳಿದನು. ನಗೆ ನಿಂತಿತು.

ಆ ಪೆಟ್ಟಿಗೆಗೆ ಹೊರಬಂದಾಗಲೇ ಅಮೆರಿಕದಲ್ಲಿ ಸುಮಾರು 100 ಡಾಲರು ಬೆಲೆಯಿತ್ತು. ನಮ್ಮ ಶಾಲೆಯಲ್ಲಿ ಅದಿಲ್ಲ. ಆದರೆ ಅದಕ್ಕೆ ಸಿಕ್ಕಿಸುವ ಸ್ವಿಚ್ಚು ಎಂದರೆ ಎರಡು ಲೋಹದ ಪಟ್ಟಿಗಳು ಒಂದನ್ನೊಂದು ಮುಟ್ಟುವುದಷ್ಟೇ ಎಂದು ತಿಳಿದ ಮೇಲೆ ಆ ಹುಡುಗರೇ ವಿಜ್ಞಾನ ಪ್ರದರ್ಶನಕ್ಕಾಗಿ ಒಂದನ್ನು ಮಾಡಿದರು. ನೀವೂ ಮಾಡಬಹುದು. ಅಂಗೈ ಅಗಲದ ಎರಡು ರಟ್ಟಿನ ತುಂಡುಗಳ ಒಳಮೈಗೆ ಅಡಿಗೆಮನೆಯ ಅಲ್ಯುಮಿನಿಯಮ್ ಹಾಳೆಯನ್ನು ಅಂಟಿಸಿರಿ. ನಡುವೆ ದೊಡ್ಡ ತೂತು ಕೊರೆದ ಸ್ಪಂಜಿನ ತುಂಡನ್ನಿಡಿರಿ. ಪ್ರತಿಯೊಂದು ಹಾಳೆಗೂ ಒಂದೊಂದು ತಂತಿ ಕಟ್ಟಿರಿ. ಮೇಲಿನಿಂದ ಒತ್ತಿದಾಗ ತೂತಿನ ಮೂಲಕ ಹಾಳೆಗಳು ಕೂಡುತ್ತವೆ, ಬಿಟ್ಟಾಗ ಸ್ಪಂಜು ಅವನ್ನು ಅಗಲಿಸುತ್ತದೆ. ಸೆಲ್ಲು, ಟಾರ್ಚಿನ ಬಲ್ಬುಗಳನ್ನು ಜೋಡಿಸಿದರೆ ಕೆಲಸ ಮಾಡುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಮೊದಲು ಒತ್ತಿ ನೋಡುವ ಅಧಿಕಾರವನ್ನು ಚಿತ್ರ ತಂದವನಿಗೇ ಕೊಟ್ಟರು. ಅವನು ಬಲಗಾಲಿನ ಚಪ್ಪಲಿಯನ್ನು ಬಿಟ್ಟು, ಹೆಬ್ಬೆರಳಿನಿಂದ ಎರಡು ಸಲ ಒತ್ತಿದನು. ಬಲ್ಬು ಬೆಳಗಿತು. ಎಲ್ಲರೂ ಅವನ ಮುಖವನ್ನು ನೋಡಿದರು.

"ಸ್ವಲ್ಪ ಗಟ್ಟಿಯಾಯಿತು, ಬೇಗ ಬೇಗ ಒತ್ತಲು ಬರುವುದಿಲ್ಲ" ಎಂದನು. ಹುಡುಗರು ಆಗಲೇ ರಟ್ಟನ್ನು ಬಿಚ್ಚಿ ಸ್ಪಂಜನ್ನು ತೆಳ್ಳಗೆ ಕೊಯ್ಯತೊಡಗಿದರು.