ಬೆನ್ನಿನ ಬಿಲ್ಲೆಯ ಶಸ್ತ್ರಚಿಕಿತ್ಸೆಯ ಅನಂತರ

ನಮ್ಮ ಶಾಲೆಯಿಂದ ಹೊರಬಿದ್ದು ಮೂರು ವರ್ಷಗಳಾಗಿದ್ದ ಒಬ್ಬ ಹುಡುಗನ ತಾಯಿ ಕಳೆದ ಮಳೆಗಾಲದ ಒಂದು ಸಂಜೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಹುಡುಗನಿಗೆ ಹತ್ತೊಂಬತ್ತು ವರ್ಷ. ಗೋದಾಮಿನಲ್ಲಿ ಸಾಮಾನು ಎತ್ತಿಡುವ ಕೆಲಸ. ಮೂರು ತಿಂಗಳಿಂದ ಅವನ ಬಲಗಾಲಿನಲ್ಲಿ ಪೃಷ್ಠದಿಂದ ಪಾದದವರೆಗೆ ಕಾದ ತಂತಿಯನ್ನು ಎಳೆದಂತಹ ನೋವು, ಪಾದವೂ ಬಲಗುಂದುತ್ತಿತ್ತು. ವೈದ್ಯರು ಶಸ್ತ್ರಚಿಕಿತ್ಸೆಯಾಗಬೇಕೆಂದು ಹೇಳಿದ್ದರು. "ಮಾಸ್ತರೇ, ಬೆನ್ನಿಗೆ ಕತ್ತಿ ತಾಗಿಸಿಕೊಂಡವರು ಮತ್ತೆ ಎದ್ದು ನಡೆದದ್ದುಂಟೇ?" ಎಂದು ಆಕೆ ಕೇಳಿದರು. ನಾನು ಕುರ್ಚಿಯನ್ನು ಎಳೆದುಕೊಟ್ಟು, "ಕುಳಿತುಕೊಳ್ಳಿ ತಾಯೀ, ಈ ಕುರ್ಚಿ ಎಳೆದವನ ಬೆನ್ನಿಗೂ ಕತ್ತಿ ತಾಗಿದೆ" ಎಂದೆನು. ನನಗೆ ಅದೇ ಶಸ್ತ್ರಚಿಕಿತ್ಸೆಯಾದುದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಆಕೆಗೆ ಅಂದು ಹೇಳಿದುದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಕನ್ನಡ ಕಲಿಸುವವನು ದೇಹಶಾಸ್ತ್ರಕ್ಕೆ ಕೈಯಿಕ್ಕಿದನೆಂದು ನಮ್ಮ ವಿಜ್ಞಾನದ ಮಾಸ್ತರರು ಕೋಪಿಸಿಕೊಳ್ಳಬಾರದು.

ಬೆನ್ನೆಲುಬು ಎಂಬುದು ಒಂದೇ ಎಲುಬಲ್ಲ. ಕುತ್ತಿಗೆಯಿಂದ ಸೊಂಟದವರೆಗೆ 24 ಬಿಡಿ ಮಣಿಗಳೂ ಅವುಗಳ ಕೆಳಗೆ ಒಂದಾಗಿ ಬೆಸೆದುಕೊಂಡ ತ್ರಿಕಾಸ್ಥಿಯೂ ಇರುತ್ತವೆ. ಕುತ್ತಿಗೆಯ ಮೊದಲೆರಡು ಮಣಿಗಳ ನಡುವೆ ಹೊರತು, ಉಳಿದೆಲ್ಲ ಸಂದುಗಳಲ್ಲಿಯೂ ಒಂದೊಂದು ಮೆತ್ತನೆಯ ಬಿಲ್ಲೆಯುಂಟು, ಒಟ್ಟು 23. ವೈದ್ಯರು ಇದನ್ನೇ ಡಿಸ್ಕ್ ಎನ್ನುವರು. ಇದರ ಹೊರಭಾಗ ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾದ ಗಟ್ಟಿ ನಾರು. ಒಳಗೆ ತಾಟಿನುಂಗಿನ ತಿರುಳಿನಂತಹ ಲೋಳೆ. ಎಳೆಯ ವಯಸ್ಸಿನಲ್ಲಿ ಈ ತಿರುಳಿನ ಬಹುಪಾಲು ನೀರೇ. ಹಗಲೆಲ್ಲ ಭಾರ ಹೊತ್ತು ಬಿಲ್ಲೆಗಳು ನೀರನ್ನು ಕಳೆದುಕೊಳ್ಳುತ್ತವೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ. ಆದುದರಿಂದಲೇ ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತೇವೆ. ವಿದ್ಯಾರ್ಥಿಗಳು ಗೋಡೆಯ ಮೇಲೆ ಗುರುತು ಹಾಕಿ ಪರೀಕ್ಷಿಸಿ ನೋಡಬಹುದು.

ಹೊರಗಿನ ನಾರು ಹರಿದು ಒಳಗಿನ ತಿರುಳು ಹಿಂದಕ್ಕೆ ಹೊರಚಾಚಿದರೆ ಪಕ್ಕದಲ್ಲಿರುವ ನರದ ಬುಡವನ್ನು ಒತ್ತುತ್ತದೆ. ಹೆಚ್ಚಾಗಿ ಹೀಗಾಗುವುದು ಸೊಂಟದ ಕೊನೆಯ ಎರಡು ಬಿಲ್ಲೆಗಳಲ್ಲಿ. ಆ ನರಗಳು ಕಾಲಿಗೆ ಹೋಗುವಂತಹವು. ದೋಷ ಬೆನ್ನಿನಲ್ಲಿದ್ದರೂ ಗೋಳು ಕಾಲಿನದು.

ಆ ತಾಯಿಯ ಭಯಕ್ಕೆ ಉತ್ತರವೂ ಇಲ್ಲಿಯೇ ಇದೆ. ಬೆನ್ನುಹುರಿಯು ಬೆನ್ನಿನ ಉದ್ದಕ್ಕೂ ಇಳಿಯುವುದಿಲ್ಲ. ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಬಳಿ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ಕುದುರೆಯ ಬಾಲದಂತೆ ಜೋಲುವ ನರಗಳ ಕಟ್ಟು. ಕೊನೆಯ ಬಿಲ್ಲೆಗಳ ಬಳಿ ನಡೆಯುವ ಶಸ್ತ್ರಕ್ರಿಯೆ ಬೆನ್ನುಹುರಿಯ ಹತ್ತಿರಕ್ಕೂ ಹೋಗುವುದಿಲ್ಲ. ಅಪಾಯವೇ ಇಲ್ಲವೆಂದಲ್ಲ: ನರದ ಹೊದಿಕೆ ಹರಿಯಬಹುದು, ಗಾಯ ಕೀವಾಗಬಹುದು, ವಿರಳವಾಗಿ ನರಕ್ಕೇ ಪೆಟ್ಟಾಗಬಹುದು. ಆದರೆ ಜನರು ಆಡಿಕೊಳ್ಳುವಂತೆ ಎರಡು ಕಾಲುಗಳೂ ಬಿದ್ದುಹೋಗುವುದು ಅತ್ಯಪರೂಪ.

ಈ ರೋಗದ ಮರ್ಮವನ್ನು ಜಗತ್ತಿಗೆ ತಿಳಿಸಿದವರು ಬೋಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು, 1934ರಲ್ಲಿ. ಆಗ ಬೆನ್ನನ್ನು ಅಗಲವಾಗಿ ತೆರೆಯಬೇಕಾಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಯಾಸರ್ಗಿಲ್, ಕ್ಯಾಸ್ಪರ್ ಮೊದಲಾದವರು ಸೂಕ್ಷ್ಮದರ್ಶಕವನ್ನು ತಂದ ಮೇಲೆ ಒಂದಂಗುಲದ ಗಾಯ ಸಾಕಾಯಿತು.

ಹಾಗೆಂದು ಕಾಲುನೋವಿನವರೆಲ್ಲರೂ ಶಸ್ತ್ರಕ್ಕೆ ಒಡ್ಡಿಕೊಳ್ಳಬೇಕಾಗಿಲ್ಲ. ಹೊರಬಂದ ತಿರುಳನ್ನು ಶರೀರವೇ ಎಷ್ಟೋ ಸಲ ಕರಗಿಸಿಬಿಡುತ್ತದೆ. ಹಾಲೆಂಡಿನಲ್ಲಿ 283 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ. ಇನ್ನೊಂದು ಗುಂಪು ಕಾದು ನೋಡುವುದು, ತಾಳಲಾರದವರಿಗೆ ಮಾತ್ರ ಆಮೇಲೆ ಶಸ್ತ್ರಚಿಕಿತ್ಸೆ. ಕಾದವರಲ್ಲಿ ನೂರಕ್ಕೆ 39 ಮಂದಿಗೆ ಅದು ಬೇಕಾಯಿತು. ವರ್ಷ ತುಂಬಿದಾಗ ಎರಡು ಗುಂಪಿನಲ್ಲಿಯೂ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಬೇಗ ಮಾಡಿಸಿಕೊಂಡವರಿಗೆ ಸಿಕ್ಕ ಲಾಭವೆಂದರೆ ನೋವು ಬೇಗ ಇಳಿದದ್ದು. ಆದರೆ ಪಾದದ ಬಲ ದಿನೇ ದಿನೇ ಕುಗ್ಗುತ್ತಿದ್ದರೆ ಕಾಯುತ್ತ ಕೂರಬಾರದು. ಮೂತ್ರ ಕಟ್ಟಿದರೆ, ಕುದುರೆಯ ಜೀನು ತಾಗುವ ಭಾಗ ಮರಗಟ್ಟಿದರೆ, ಅದೇ ರಾತ್ರಿ ಆಸ್ಪತ್ರೆಗೆ ಓಡಬೇಕು. ಒಂದು ದಿನದ ವಿಳಂಬವೂ ಜನ್ಮದ ಊನವಾದೀತು.

ಇಪ್ಪತ್ತರೊಳಗಿನವರಲ್ಲಿ ಈ ಕಾಯಿಲೆ ವಿರಳ. ಬಂದರೆ ಅದರ ನಡೆ ಬೇರೆ. ಎಳೆಯರ ತಿರುಳು ಒಣಗಿರುವುದಿಲ್ಲ, ಬಿಗಿಯಾಗಿರುತ್ತದೆ. ಕೆಲವೊಮ್ಮೆ ಬೆಳೆಯುತ್ತಿರುವ ಮಣಿಯ ಅಂಚಿನ ಚೂರೂ ಅದರೊಡನೆ ಕಿತ್ತು ಬಂದಿರುತ್ತದೆ. ಆದಕಾರಣ ಔಷಧ, ವಿಶ್ರಾಂತಿಗಳಿಂದ ವಯಸ್ಕರಿಗೆ ಆಗುವಷ್ಟು ಗುಣ ಇವರಿಗೆ ಆಗದು. ಶಸ್ತ್ರಚಿಕಿತ್ಸೆಯ ಫಲವಾದರೋ ಮೊದಲ ವರ್ಷಗಳಲ್ಲಿ ಬಹಳ ಚೆನ್ನಾಗಿರುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕಾಲುನೋವು ಇಳಿಯುತ್ತದೆ. ಆದರೆ ಅವರ ಮುಂದೆ ದೀರ್ಘವಾದ ಆಯುಸ್ಸಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಹದಿನಾರು ವರ್ಷದೊಳಗಣ 72 ರೋಗಿಗಳನ್ನು ದಶಕಗಳ ಕಾಲ ಗಮನಿಸಿ 1998ರಲ್ಲಿ ವರದಿ ಮಾಡಿದರು. ಅವರಲ್ಲಿ ಸುಮಾರು ಕಾಲುಭಾಗದ ಜನರಿಗೆ ಮುಂದೆಂದೋ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಯಿತು. ಇದನ್ನು ಆ ತಾಯಿಗೆ ಹೇಳಬೇಕೋ ಬೇಡವೋ ಎಂದು ತುಸು ಹಿಂಜರಿದೆನು. ಕೊನೆಗೆ ಹೇಳಿಯೇ ಬಿಟ್ಟೆನು.

ಇನ್ನು ನನ್ನ ಅನುಭವ. ಎಚ್ಚರವಾದಾಗ ಕಾಲಿನ ಉರಿ ಇರಲಿಲ್ಲ, ಅಳು ಬಂದಿತು. ಹಿಂದಿನ ಕಾಲದಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರಂತೆ, ನನ್ನನ್ನು ಮರುದಿನ ಬೆಳಿಗ್ಗೆಯೇ ನಡೆಸಿದರು. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ, ಜೋಮು ಎಲ್ಲಕ್ಕಿಂತ ಹಿಂದೆ. ನರವು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಚಿಗುರುತ್ತದೆ. ನನ್ನ ಕಿರುಬೆರಳಿಗೆ ಸ್ಪರ್ಶ ತಿಳಿಯಲು ಎಂಟು ತಿಂಗಳು ಬೇಕಾಯಿತು. ನಾಲ್ಕನೆಯ ವಾರ ತರಗತಿಯಲ್ಲಿ ನಿಂತು ಪಾಠ ಹೇಳಿದೆನು, ಆದರೆ ಕುಳಿತು ಉತ್ತರಪತ್ರಿಕೆ ತಿದ್ದಲು ಇಪ್ಪತ್ತು ನಿಮಿಷವೂ ಆಗುತ್ತಿರಲಿಲ್ಲ. ಎರಡನೆಯ ತಿಂಗಳಲ್ಲಿ ಗುಣವಾಯಿತೆಂಬ ಗರ್ವದಿಂದ ನಲ್ಲಿಯ ಕೆಳಗಿನ ತುಂಬಿದ ಬಾಲ್ದಿಯನ್ನು ಬಗ್ಗಿ, ತಿರುಗಿ, ಎತ್ತಿದೆನು. ಒಂದು ವಾರ ಮತ್ತೆ ಹಾಸಿಗೆ. ಅದಕ್ಕಿಂತ ಕೆಟ್ಟದ್ದು ಮುಂದಿನ ಆರು ತಿಂಗಳು ಬಗ್ಗಲೇ ಹೆದರಿ ಕಂಬದಂತೆ ನಡೆದದ್ದು. ಬೆನ್ನಿನ ಸ್ನಾಯುಗಳು ಸೋತದ್ದು ಆ ಹೆದರಿಕೆಯಿಂದಲೇ. ಮೊದಲ ವಾರಗಳಲ್ಲಿ ಭಾರ ಎತ್ತಬಾರದೆಂಬುದು ಸಾಮಾನ್ಯ ಸಲಹೆ. ನಡಿಗೆಗೆ ಮಾತ್ರ ಯಾರೂ ತಡೆ ಹಾಕರು. ಅದೇ ಬಿಲ್ಲೆ ಮತ್ತೆ ಹೊರಚಾಚುವುದು ನೂರರಲ್ಲಿ ಐದರಿಂದ ಹದಿನೈದು ಮಂದಿಗೆ. ಬೀಡಿ ಸಿಗರೇಟು ಸೇದುವವರಿಗೆ ಹೆಚ್ಚು.

ಹುಡುಗನಿಗೆ ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗೋದಾಮಿನವರು ಅವನ ಜಾಗಕ್ಕೆ ಬೇರೊಬ್ಬನನ್ನು ಇಟ್ಟುಕೊಂಡರು. ಈಗ ಒಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಗಂಟೆಗೊಮ್ಮೆ ಎದ್ದು ಬೀದಿಯ ತುದಿಯವರೆಗೆ ಹೋಗಿಬರುತ್ತಾನೆ. ಹಿಮ್ಮಡಿಯ ಮೇಲೆ ನಡೆದು ತೋರಿಸಿದನು. ಬಲಗಾಲಿನ ಹೆಬ್ಬೆರಳು ಮಾತ್ರ ಇನ್ನೂ ಪೂರ್ತಿ ಮೇಲೇಳುತ್ತಿಲ್ಲ. ಕಬಡ್ಡಿ ಯಾವಾಗ ಆಡಬಹುದೆಂದು ನನ್ನನ್ನು ಕೇಳಿದನು. ನಾನು ಅವನ ವೈದ್ಯರನ್ನು ಕೇಳಲು ಹೇಳಿದೆನು.