ತಾತನ ರಾಗಿ, ಅಮ್ಮನ ಮುದ್ದೆ ಗಾಡಿ: ಒಂದೇ ಪಾಠವನ್ನು ಎರಡು ಸಲ ಬೋಧಿಸಿದ ಅನುಭವ

ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ಮಾರತ್ತಹಳ್ಳಿಯ ಒಂದು ಪ್ರೌಢಶಾಲೆಯ ಎಂಟನೇ ತರಗತಿ, ಕನ್ನಡ ಮಾಧ್ಯಮದ ವಿಜ್ಞಾನ ವಿಷಯವನ್ನು ಹಂಚಲಾಗಿತ್ತು. ಹಾಜರಿ ಪುಸ್ತಕದಲ್ಲಿ 34 ಮಕ್ಕಳು. ಅವರಲ್ಲಿ ಮಾರತ್ತಹಳ್ಳಿಯೇ ಮೂಲ ಊರು ಎನ್ನುವವರು ಐವರು ಮಾತ್ರ. ಉಳಿದವರ ಅಪ್ಪ ಅಮ್ಮಂದಿರು ಕಟ್ಟಡ ಕೆಲಸ, ಸೆಕ್ಯೂರಿಟಿ, ಮನೆಗೆಲಸ, ತಳ್ಳುಗಾಡಿ ಎಂದು ಬೇರೆ ಬೇರೆ ಜಿಲ್ಲೆಗಳಿಂದ ಬಂದವರು. ಈ ಸಂಗತಿಯನ್ನು ನನ್ನ ಪಾಠ ಯೋಜನೆಯ ಮೊದಲ ಪುಟದಲ್ಲಿ ‘ವಿದ್ಯಾರ್ಥಿಗಳ ಹಿನ್ನೆಲೆ’ ಎಂಬ ಕಾಲಂನಲ್ಲಿ ಬರೆದಿದ್ದೆ. ಬರೆದದ್ದು ಅಷ್ಟೇ, ಬಳಸಿರಲಿಲ್ಲ. ಈ ಲೇಖನ ಅದರ ಬಗ್ಗೆ.

ಘಟಕ ‘ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆ’. ಕಲಿಕಾಂಶಗಳು ಎಲ್ಲರಿಗೂ ಗೊತ್ತಿರುವಂಥವೇ: ಅರಣ್ಯನಾಶದ ಪರಿಣಾಮಗಳು, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಜೀವಗೋಳ ಮೀಸಲು, ಸ್ಥಾನಿಕ ಪ್ರಭೇದ, ರೆಡ್ ಡೇಟಾ ಪುಸ್ತಕ. ಪಠ್ಯದಲ್ಲಿ ಉದಾಹರಣೆಯಾಗಿ ಬರುವುದು ಮಧ್ಯಪ್ರದೇಶದ ಪಚ್‌ಮಢಿ. ನಮ್ಮ ಮಕ್ಕಳಿಗೆ ಪಚ್‌ಮಢಿ ಬಹಳ ದೂರ. ಆದ್ದರಿಂದ ಪೀಠಿಕೆಗೆ ಹತ್ತಿರದ ಘಟನೆಯೊಂದನ್ನು ಆರಿಸಿಕೊಂಡೆ. 2016ರ ಫೆಬ್ರವರಿ 7ರ ಭಾನುವಾರ ಕುಂದಲಹಳ್ಳಿಯ ಬಳಿಯ ಖಾಸಗಿ ಶಾಲೆಯೊಂದರ ಆವರಣಕ್ಕೆ ಚಿರತೆ ನುಗ್ಗಿತ್ತು. ಅದನ್ನು ಹಿಡಿಯಲು ಹೋದಾಗ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಸೇರಿ ಹಲವರು ಗಾಯಗೊಂಡರು, ರಾತ್ರಿ ಅರಿವಳಿಕೆ ಕೊಟ್ಟು ಹಿಡಿದರು. ನಮ್ಮ ಶಾಲೆಯಿಂದ ಅಲ್ಲಿಗೆ ಹೆಚ್ಚು ದೂರವಿಲ್ಲ. ಇದನ್ನು ಹೇಳಿದ ಕೂಡಲೇ ತರಗತಿ ಎದ್ದು ಕುಳಿತಿತು. ಪೀಠಿಕೆ ಗೆದ್ದಿತೆಂದು ನನಗೂ ಸಮಾಧಾನವಾಯಿತು.

ಅಲ್ಲಿಂದ ಆನೆಗೆ ಬಂದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು ಕಪ್ಪುಹಲಗೆಯ ಮೇಲೆ ಬರೆದು, “ಆನೆ ಕಾಡು ಬಿಟ್ಟು ಊರಿಗೆ ಯಾಕೆ ಬರುತ್ತದೆ?” ಎಂದು ಕೇಳಿದೆ. ನಿರೀಕ್ಷಿತ ಉತ್ತರದ ಕಾಲಂನಲ್ಲಿ ‘ಮನುಷ್ಯ ಕಾಡನ್ನು ನಾಶ ಮಾಡಿರುವುದರಿಂದ’ ಎಂದು ಮೊದಲೇ ಬರೆದುಕೊಂಡಿದ್ದೆ. ಮಕ್ಕಳು ಅದನ್ನೇ ಒಟ್ಟಾಗಿ ಹೇಳಿದರು. ಮೂರನೇ ಬೆಂಚಿನ ಹುಡುಗನೊಬ್ಬ ಮಾತ್ರ ಕೈ ಎತ್ತದೆಯೇ, “ನಮ್ ತಾತ ಯಾವ ಕಾಡೂ ಕಡ್ದಿಲ್ಲ ಮಿಸ್. ರಾಗಿ ಹಾಕವ್ರೆ, ಅಷ್ಟೆ” ಎಂದ.

ಕೆಲವರು ನಕ್ಕರು. ನಾನು “ಹೌದಾ, ಆಮೇಲೆ ಮಾತಾಡೋಣ” ಎಂದು ಮುಂದಿನ ಚಾರ್ಟ್ ತೂಗುಹಾಕಿದೆ. ಇನ್ನೂ ನಾಲ್ಕು ಕಲಿಕಾಂಶಗಳು ಬಾಕಿಯಿದ್ದವು, ಅವಧಿ ಮುಗಿಯಲು ಹದಿನೆಂಟು ನಿಮಿಷವಿತ್ತು. ಆಮೇಲೆ ಆ ಮಾತು ಬರಲೇ ಇಲ್ಲ.

ಸಹಪಾಠಿ ವೀಕ್ಷಕರು ನನ್ನ ಪಾಠಕ್ಕೆ ಒಳ್ಳೆಯ ಅಂಕಗಳನ್ನೇ ಕೊಟ್ಟಿದ್ದರು: ಧ್ವನಿ ಸ್ಪಷ್ಟ, ಕಪ್ಪುಹಲಗೆಯ ಬಳಕೆ ಉತ್ತಮ, ಪ್ರಬಲನ ಸಾಕಷ್ಟು. ಮೇಲ್ವಿಚಾರಕ ಉಪನ್ಯಾಸಕರು ವೀಕ್ಷಣಾ ವಹಿಯಲ್ಲಿ ಒಂದೇ ಸಾಲು ಬರೆದಿದ್ದರು: ‘ಮೂರನೇ ಬೆಂಚಿನ ಉತ್ತರ ಎಲ್ಲಿ ಹೋಯಿತು?’

ಗಾಡಿಯ ಹತ್ತಿರ

ಮರುದಿನ ಮಧ್ಯಾಹ್ನ ಆ ಹುಡುಗನ ತಾಯಿಯನ್ನು ಕಾಣಲು ಹೋದೆ. ಮಾರತ್ತಹಳ್ಳಿ ಸೇತುವೆಯಿಂದ ಮುನ್ನೇಕೊಳಾಲದ ಕಡೆಗೆ ಹೋಗುವಾಗ ರಸ್ತೆ ಬದಿಯಲ್ಲಿ ಅವರದೊಂದು ಮುದ್ದೆ ಊಟದ ಗಾಡಿ. ಮುದ್ದೆ, ಸೊಪ್ಪಿನ ಸಾರು, ಅನ್ನ. ಕ್ಯಾಬ್ ಚಾಲಕರು, ಸೆಕ್ಯೂರಿಟಿಯವರು ನಿಂತೇ ಉಣ್ಣುತ್ತಾರೆ. ಮುದ್ದೆ ಕಟ್ಟುವುದು ಅವರು, ತಟ್ಟೆ ತೊಳೆಯುವುದು ಅವರ ಯಜಮಾನರು, ಸಂಜೆ ಲೆಕ್ಕ ಬರೆಯುವುದು ಮಗ. ಊರು ಹನೂರು ತಾಲ್ಲೂಕಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನಲ್ಲಿ. ಅಲ್ಲಿ ಮಾವನವರ ಒಂದೂವರೆ ಎಕರೆ ಖುಷ್ಕಿ ಜಮೀನು.

“ಏನಾದ್ರೂ ತಪ್ಪು ಮಾಡಿದ್ನಾ ಮೇಡಂ?” ಎಂದು ಮೊದಲು ಗಾಬರಿಯಾದರು. ಇಲ್ಲ ಅಕ್ಕಾ, ಅವನು ಸರಿಯಾಗಿಯೇ ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ ಎಂದೆ. ಆಮೇಲೆ ಗಿರಾಕಿಗಳ ನಡುವೆಯೇ ಮಾತಾಡಿದರು. ಗಾಡಿಗೆ ಬೇಕಾದ ರಾಗಿ ಊರಿನದೇ. ಒಳ್ಳೆಯ ವರ್ಷ ಒಂಬತ್ತು ಕ್ವಿಂಟಾಲ್ ಆಗುತ್ತದೆ. ಮೂರು ಕ್ವಿಂಟಾಲ್ ಅಲ್ಲಿಯ ಊಟಕ್ಕೆ ಮತ್ತು ಬಿತ್ತನೆಗೆ. ಆರು ಕ್ವಿಂಟಾಲ್ ಸ್ವಲ್ಪ ಸ್ವಲ್ಪವಾಗಿ ಇಲ್ಲಿಗೆ ಬರುತ್ತದೆ. ಹೋದ ವರ್ಷ ತೆನೆ ಹಾಲುಗಟ್ಟಿದ ಮೇಲೆ ಎರಡು ರಾತ್ರಿ ಆನೆ ಬಂತು. ಗಾಡಿಗೆ ಒಂದು ಕಾಳೂ ಬರಲಿಲ್ಲ.

“ಆನೆ ಬುಟ್ಟಿದ್ದು ನಮ್ಗೆ ಮೇಡಂ. ಅದು ತಿಂದು ಮಿಕ್ಕಿದ್ರೆ ಗಾಡಿಗೆ ಬತ್ತದೆ” ಎಂದರು. ಕೋಪವಿರಲಿಲ್ಲ. ಅದೇ ಉಸಿರಿನಲ್ಲಿ, “ಮಾದಪ್ಪನ ಕಾಡಲ್ವಾ, ಅವೂ ಎಲ್ಲಿಗೆ ಹೋದವು?” ಎಂದೂ ಅಂದರು. ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ ಎಂದು ಕೇಳಿದೆ. ಪಹಣಿ ಇನ್ನೂ ಮಾವನ ಅಪ್ಪನ ಹೆಸರಿನಲ್ಲೇ ಇದೆಯಂತೆ. ತೀರಿಕೊಂಡವರ ಹೆಸರಿನ ಪಹಣಿ ಇಟ್ಟುಕೊಂಡು ಬೆಳೆ ನಷ್ಟದ ಪರಿಹಾರ ಕೇಳುವುದು ಹೇಗೆ, ಕೇಳಿದರೂ ಅದು ಯಾರ ಖಾತೆಗೆ ಬರಬೇಕು? ಮಾವ ಮತ್ತು ಅವರ ಅಣ್ಣತಮ್ಮಂದಿರು ಕೂತು ಪೌತಿ ಖಾತೆ ಮಾಡಿಸಿಕೊಳ್ಳುವುದು ಇನ್ನೂ ಆಗಿಲ್ಲ.

ನನ್ನ ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಒಂದು ಐಚ್ಛಿಕ ವಿಷಯವಾಗಿತ್ತು. ಸಂರಕ್ಷಣೆಯ ಬಗ್ಗೆ ಪುಟಗಟ್ಟಲೆ ಉತ್ತರ ಬರೆದಿದ್ದೇನೆ. ಪಹಣಿ ಎಂಬ ಪದ ಅದರಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಎರಡನೇ ಸಲ

ಮಾರ್ಗದರ್ಶಿ ಶಿಕ್ಷಕಿಯವರನ್ನು ಕೇಳಿ ಅದೇ ವಾರ ಇನ್ನೆರಡು ಅವಧಿ ಪಡೆದೆ. ತಾಯಿಯ ಮತ್ತು ಹುಡುಗನ ಒಪ್ಪಿಗೆ ಪಡೆದು, ಅವರ ಗಾಡಿಯ ಲೆಕ್ಕವನ್ನೇ ಕಲಿಕೋಪಕರಣವಾಗಿ ಬಳಸಿದೆ. ಈ ಬಾರಿ ಮೊದಲ ಪ್ರಶ್ನೆ ‘ನಿಮ್ಮ ಊರಲ್ಲಿ ಹೊಲಕ್ಕೆ ಯಾವ ಪ್ರಾಣಿ ಬರುತ್ತದೆ?’ ಎಂಬುದು. ಕೈಗಳು ಒಂದೊಂದಾಗಿ ಮೇಲೆದ್ದವು. ಕೊಪ್ಪಳ ಜಿಲ್ಲೆಯ ಹುಡುಗಿ, “ಚಿಗರಿ ಹಿಂಡ ಬರ್ತಾವ್ರಿ ಮಿಸ್, ಕಡ್ಲಿ ಎಳೀದಿದ್ದಾಗ ತಿಂದ ಹೋಗ್ತಾವ್ರಿ” ಎಂದಳು. ಅವಳು ಆ ತಿಂಗಳಲ್ಲಿ ತರಗತಿಯಲ್ಲಿ ಆಡಿದ ಮೊದಲ ಪೂರ್ಣ ವಾಕ್ಯ ಅದು. ಚಿಗರಿ ಎಂದರೆ ಏನೆಂದು ಬೆಂಗಳೂರಿನ ಮಕ್ಕಳು ಕೇಳಿದರು, ಕೃಷ್ಣಮೃಗ ಎಂದು ಅವಳಿಂದಲೇ ಹೇಳಿಸಿದೆ. ಮಾಲೂರಿನ ಕಡೆಯವನೊಬ್ಬ ತಮಿಳುನಾಡಿನ ಗಡಿಯಿಂದ ಬರುವ ಆನೆಗಳ ಬಗ್ಗೆ ಹೇಳಿದ. ಹಂದಿ, ನವಿಲು, ಕೋತಿ ಎಂದು ಪಟ್ಟಿ ಬೆಳೆಯಿತು. ಮಾರತ್ತಹಳ್ಳಿಯ ಮೂಲದವನೊಬ್ಬ “ನಮ್ಮಲ್ಲಿ ನಾಯಿ ಮಾತ್ರ” ಎಂದಾಗ ಎಲ್ಲರ ಜೊತೆ ನಾನೂ ನಕ್ಕೆ.

ಆಮೇಲೆ ಲೆಕ್ಕ. ಗಾಡಿಗೆ ದಿನಕ್ಕೆ 4 ಕೆ.ಜಿ. ರಾಗಿ ಹಿಟ್ಟು. ಆರು ಕ್ವಿಂಟಾಲ್ ಎಷ್ಟು ದಿನಕ್ಕೆ ಬರುತ್ತದೆ? 150 ದಿನ. ಊರಿನ ರಾಗಿ ಬಾರದಿದ್ದರೆ ಅಂಗಡಿಯಲ್ಲಿ ಹಿಟ್ಟು ಕೆ.ಜಿ.ಗೆ 45 ರೂಪಾಯಿ ಕೊಟ್ಟು ಕೊಳ್ಳಬೇಕು. 600ನ್ನು 45ರಿಂದ ಗುಣಿಸಿ 27,000 ಎಂದು ಬರೆದೆವು. ಆಗ ಎರಡನೇ ಸಾಲಿನ ಹುಡುಗಿ, “ಊರಿನ ರಾಗಿಯಾದ್ರೂ ಮಿಲ್ಲಿಗೆ ಹಾಕ್ಸಬೇಕಲ್ವಾ ಮಿಸ್, ಆ ದುಡ್ಡು ಕಳೀಬೇಕು” ಎಂದಳು. ಅವಳ ಅಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ. ಕೆ.ಜಿ.ಗೆ 5 ರೂಪಾಯಿಯಂತೆ 3,000 ಕಳೆದು 24,000 ಎಂದು ತಿದ್ದಿದೆವು. ನನ್ನ ಯೋಜನೆಯಲ್ಲಿ ಈ ಹಂತವೇ ಇರಲಿಲ್ಲ. ಇದರಲ್ಲಿ ಮನೆಯವರ ಊಟದ ಮೂರು ಕ್ವಿಂಟಾಲ್, ಬೀಜ, ಉಳುಮೆಯ ಖರ್ಚು, ತಾತ ಅಟ್ಟಣೆಯ ಮೇಲೆ ಕೂತು ಕಾದ ರಾತ್ರಿಗಳು ಯಾವುವೂ ಸೇರಿಲ್ಲ ಎಂದು ಮಕ್ಕಳೇ ಹೇಳಿದರು.

ಆನೆಗೆ ರಾಗಿಯೇ ಯಾಕೆ ಬೇಕು ಎಂಬುದು ವಿಜ್ಞಾನದ ಪ್ರಶ್ನೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಅದರ ಸುತ್ತಲಿನ ಕಾಡುಗಳಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಕಾಡಿನ ಹುಲ್ಲಿಗಿಂತ ರಾಗಿಯಂಥ ಬೆಳೆಗಳಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಹಿಂಡಿನ ಹೆಣ್ಣಾನೆಗಳಿಗಿಂತ ವಯಸ್ಕ ಗಂಡಾನೆಗಳು ಹೊಲಕ್ಕೆ ನುಗ್ಗುವುದೂ ಹೆಚ್ಚು. ಮರಿಗಳನ್ನು ಕರೆದುಕೊಂಡು ಪಂಜು, ಪಟಾಕಿಗಳ ನಡುವೆ ನುಗ್ಗುವ ಅಪಾಯವನ್ನು ಹಿಂಡು ಸುಲಭವಾಗಿ ಮೈಮೇಲೆ ಎಳೆದುಕೊಳ್ಳುವುದಿಲ್ಲ, ಒಂಟಿ ಸಲಗ ಎಳೆದುಕೊಳ್ಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಶಾಲೆಯಲ್ಲಿ ಹಾಲಿನ ಜೊತೆ ನಿಮಗೆ ರಾಗಿ ಮಾಲ್ಟ್ ಕೊಡುವುದೂ ಇಂಥ ಪೋಷಕಾಂಶಗಳಿಗಾಗಿಯೇ ಎಂದೆ. “ಹಂಗಾದ್ರೆ ಆನೆ ಬುದ್ಧಿವಂತ” ಎಂದ ಒಬ್ಬ. ಹೌದು. ‘ಕಾಡು ನಾಶವಾದ್ದರಿಂದ’ ಎಂಬ ಉತ್ತರ ಸುಳ್ಳಲ್ಲ, ಆದರೆ ಕಾಡು ಚೆನ್ನಾಗಿರುವಲ್ಲಿಯೂ ಸಲಗ ರಾಗಿಗೆ ಬರುತ್ತದೆ. ಮೊದಲ ದಿನ ನಾನು ಒಪ್ಪಿಕೊಂಡ ಉತ್ತರ ಅರ್ಧ ಮಾತ್ರ, ಅದೂ ತಪ್ಪನ್ನು ತಾತನ ತಲೆಗೆ ಕಟ್ಟುವ ಅರ್ಧ.

ಬೇಲಿಗಳ ಭಾಗವನ್ನು ಬೇಗ ಮುಗಿಸಿದೆ. ಕಂದಕದ ಅಂಚು ಮಳೆಗೆ ಕುಸಿಯುತ್ತದೆ. ಸೌರ ಬೇಲಿಯ ತಂತಿಯನ್ನು ಆನೆ ದಂತದಿಂದ ಒತ್ತಿ ಮುರಿಯುತ್ತದೆ, ಏಕೆಂದರೆ ದಂತ ದುರ್ಬಲ ವಾಹಕ. ಈ ಮಾತು ವಿದ್ಯುತ್ ಪ್ರವಾಹದ ಘಟಕಕ್ಕೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಸೌರ ಬೇಲಿಯ ಕ್ಷಣಮಾತ್ರದ ಆಘಾತಕ್ಕೂ, ಕಂಬದಿಂದ ನೇರವಾಗಿ ತಂತಿ ಎಳೆದು ಆನೆಯನ್ನೂ ಮನುಷ್ಯರನ್ನೂ ಕೊಲ್ಲುವ ಅಕ್ರಮ ಬೇಲಿಗೂ ಇರುವ ವ್ಯತ್ಯಾಸವನ್ನು ಒತ್ತಿ ಹೇಳಿದೆ. ಈ ಪಾಠ ಮಾಡುವ ಎಲ್ಲರೂ ಅದನ್ನು ಹೇಳಲೇಬೇಕು ಎಂದು ನನಗನ್ನಿಸುತ್ತದೆ.

ಹೆಚ್ಚು ಹೊತ್ತು ನಿಂತದ್ದು ಲಂಟಾನದ ಮೇಲೆ. 2024ರ ಫೆಬ್ರವರಿಯಲ್ಲಿ ಲಾಲ್‌ಬಾಗ್‌ನಲ್ಲಿ ಲಂಟಾನ ಕಡ್ಡಿಗಳಿಂದ ಮಾಡಿದ ನಿಜಗಾತ್ರದ ಆನೆಗಳ ಪ್ರದರ್ಶನವಿತ್ತು. ನಾನೂ ಗೆಳತಿಯರೊಂದಿಗೆ ಹೋಗಿ ಸೆಲ್ಫಿ ತೆಗೆದುಕೊಂಡು ಬಂದಿದ್ದೆ. ಬೆಟ್ಟಕುರುಂಬ, ಪಣಿಯ, ಕಾಟುನಾಯಕ, ಸೋಲಿಗ ಸಮುದಾಯಗಳ ಜನ ಮಾಡಿದ ಆನೆಗಳವು. ಆ ಫೋಟೋಗಳನ್ನೇ ತರಗತಿಗೆ ತಂದೆ. ಲಂಟಾನ ನಮ್ಮ ನೆಲದ್ದಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಬಂದದ್ದು. ಕಾಡಿನ ನೆಲವನ್ನೆಲ್ಲ ಮುಚ್ಚಿ ಹುಲ್ಲು ಬೆಳೆಯಲು ಬಿಡುವುದಿಲ್ಲ, ದನಗಳು ತಿಂದರೆ ವಿಷ. ಮಲೆ ಮಹದೇಶ್ವರ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನೊಂದಿಗೆ ಸೋಲಿಗ ಕುಟುಂಬಗಳು ಬಿದಿರು, ಬೆತ್ತದ ಬದಲು ಇದೇ ಕಡ್ಡಿಗಳನ್ನು ಕುದಿಸಿ, ಸಿಪ್ಪೆ ಸುಲಿದು, ಬಾಗಿಸಿ ಕುರ್ಚಿ, ಬುಟ್ಟಿ ಮಾಡಲು ಕಲಿತವು. 2013ರಲ್ಲಿ ಘೋಷಣೆಯಾದ, ಸುಮಾರು 906 ಚದರ ಕಿ.ಮೀ. ವಿಸ್ತಾರದ ಅಲ್ಲಿಯ ವನ್ಯಧಾಮವನ್ನು ನಕ್ಷೆಯಲ್ಲಿ ಗುರುತಿಸಿ, ಪಚ್‌ಮಢಿಯ ಜಾಗದಲ್ಲಿ ಅದನ್ನೇ ಉದಾಹರಣೆಯಾಗಿ ಬಳಸಿದೆ.

“ಕುರ್ಚಿ ಮಾಡ್ತಾ ಹೋದ್ರೆ ಲಂಟಾನ ಮುಗ್ದೋಗುತ್ತಾ ಮಿಸ್?” ಎಂದು ಕೇಳಿದ್ದು ಮೂರನೇ ಬೆಂಚೇ. ಇಲ್ಲ ಎಂದೆ. ಕಡಿದರೆ ಬುಡದಿಂದ ಚಿಗುರುತ್ತದೆ, ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ, ಕುರ್ಚಿಗೆ ಬೇಕಾಗುವುದು ಅದರಲ್ಲಿ ತೀರಾ ಸ್ವಲ್ಪ. ಕುರ್ಚಿ ಕೊಳ್ಳುವವರೂ ಬೇಕು. ಅಂದರೆ ಕಾಡು ಉಳಿಸುವ ಉಪಾಯ ಎನ್ನುವುದಕ್ಕಿಂತ, ಕಾಡಂಚಿನ ಮನೆಗೆ ಇನ್ನೊಂದು ಕೈಕಸುಬು ಎನ್ನುವುದೇ ಹೆಚ್ಚು ಸರಿ. ನಿಮ್ಮ ಅಮ್ಮನ ಗಾಡಿಯ ಹಾಗೆ ಎಂದೆ. ಒಂದು ಕೈ ಹೋದರೆ ಇನ್ನೊಂದು ಇರಲಿ ಎಂದು ಮಾಡಿಕೊಂಡದ್ದು.

ಕೆಟ್ಟು ಹೋದದ್ದನ್ನೂ ಬರೆಯಬೇಕು. ರೈತ, ಅರಣ್ಯ ರಕ್ಷಕ, ಆನೆ ಎಂದು ಪಾತ್ರಾಭಿನಯ ಮಾಡಿಸಲು ಹೋದೆ. ಆನೆಯಾದವನು ಸೊಂಡಿಲು ಆಡಿಸಿದ್ದೇ ತಡ, ಹತ್ತು ನಿಮಿಷ ಗಲಾಟೆ. ರೈತನ ಪಾತ್ರವನ್ನು ಆ ಹುಡುಗನಿಗೇ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಅವನು ಸುಮ್ಮನೆ ನಿಂತುಬಿಟ್ಟ. ಮಗುವಿನ ಮನೆಯ ನಷ್ಟ ಲೆಕ್ಕಕ್ಕೆ ಬರಬಹುದು, ನಾಟಕಕ್ಕೆ ತರಬಾರದಿತ್ತು. ನಾಲ್ಕನೇ ಗುಂಪಂತೂ ಪಕ್ಕದ ಗುಂಪಿನ ಲೆಕ್ಕವನ್ನು ತಪ್ಪುಗಳ ಸಮೇತ ನಕಲು ಮಾಡಿತ್ತು.

ಘಟಕ ಪರೀಕ್ಷೆ

‘ಆನೆಗಳನ್ನು ಏಕೆ ಸಂರಕ್ಷಿಸಬೇಕು? ಎರಡು ಕಾರಣ ಕೊಡಿ’ ಎಂಬ ಪ್ರಶ್ನೆಗೆ ಎರಡು ಅಂಕ. ಅವನ ಉತ್ತರ ಹೀಗಿತ್ತು: ‘ಆನೆ ಬೀಜ ಹರಡುತ್ತದೆ. ಆನೆ ಬೇಕು. ಆದರೆ 24,000 ರೂಪಾಯಿ ಯಾರು ಕೊಡಬೇಕು ಅಂತ ಪುಸ್ತಕದಲ್ಲಿ ಇಲ್ಲ.’ ಉತ್ತರ ಸೂಚಿಯ ಪ್ರಕಾರ ಒಂದು ಕಾರಣ ಇದೆ, ಒಂದು ಅಂಕ. ಮಾರ್ಗದರ್ಶಿ ಶಿಕ್ಷಕಿಯವರೂ ಅದನ್ನೇ ಹೇಳಿದರು: ನಾಳೆ ಬೋರ್ಡ್ ಪರೀಕ್ಷೆಯಲ್ಲಿ ಯಾರೂ ಇದಕ್ಕೆ ಅಂಕ ಕೊಡುವುದಿಲ್ಲ, ಎರಡನೇ ಕಾರಣ ಬರೆಯಲು ಅವನಿಗೆ ಕಲಿಸುವುದು ನಮ್ಮ ಕೆಲಸ. ಅವರ ಮಾತು ಸರಿ. ಒಂದು ಅಂಕ ಕೊಟ್ಟು, ಪಕ್ಕದಲ್ಲಿ ‘ಸರಿಯಾದ ಪ್ರಶ್ನೆ’ ಎಂದು ಬರೆದು, ಅವನನ್ನು ಕೂರಿಸಿಕೊಂಡು ಎರಡನೇ ಕಾರಣ ಬರೆಸಿದೆ. ಸೂಚಿಯ ಕೊನೆಯಲ್ಲಿ ನಾನೇ ಇನ್ನೊಂದು ಪ್ರಶ್ನೆ ಸೇರಿಸಿ ಉಪನ್ಯಾಸಕರಿಗೆ ತೋರಿಸಿದ್ದೇನೆ: ‘ಸಂರಕ್ಷಣೆಯ ವೆಚ್ಚವನ್ನು ಈಗ ಯಾರು ಭರಿಸುತ್ತಿದ್ದಾರೆ? ಒಂದು ಉದಾಹರಣೆಯೊಂದಿಗೆ ವಿವರಿಸಿ.’ ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಬಳಸಿ ನೋಡಬಹುದು.

ನನ್ನ ಬೋಧನಾಭ್ಯಾಸ ನವೆಂಬರ್ ಮಧ್ಯದಲ್ಲಿ ಮುಗಿಯಿತು. ಆಗ ಊರಿನಲ್ಲಿ ರಾಗಿ ತೆನೆ ಬಲಿಯುತ್ತಿತ್ತು, ಕೊಯ್ಲಿಗೆ ಇನ್ನೂ ಮೂರು ವಾರವಿತ್ತು. ತಾತ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, “ಇನ್ನೂ ಬಂದಿಲ್ಲ ಮಿಸ್” ಎಂದು ಹೇಳಿ ಓಡುತ್ತಿದ್ದ. ಕೊನೆಯ ದಿನ ನನ್ನ ನಂಬರನ್ನು ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ, ಹಿಟ್ಟಿನ ಲೆಕ್ಕದ ಕೆಳಗೆ ಬರೆದುಕೊಂಡ.