ಅಲಂಕೃತ ತಲೆಬರಹಗಳ ಏಕರೂಪತೆ

ಪುಸ್ತಕವೊಂದನ್ನು ಕೈಗೆತ್ತಿಕೊಂಡವನ ದೃಷ್ಟಿಯು ಮೊದಲು ನಿಲ್ಲುವುದು ತಲೆಬರಹದ ಮೇಲೆ. ಒಳಗಿನ ವಿಷಯವು ಎಷ್ಟೇ ಗಹನವಾಗಿರಲಿ, ಬಾಗಿಲಲ್ಲಿ ನಿಂತು ವಾಚಕನನ್ನು ಕರೆಯುವ ಕೆಲಸ ಆ ನಾಲ್ಕಾರು ಅಕ್ಷರಗಳದು. ಈ ಭಾಗವು ಆ ಭಾಗಕ್ಕೆ ಸಮನಾದುದೋ, ಅದರ ಒಳಗಿನದೋ ಎಂಬ ದರ್ಜೆಯನ್ನೂ ಅವೇ ಹೇಳುತ್ತವೆ. ವಿದ್ಯಾರ್ಥಿಗಳಾದ ನಾವು ಕರೆಯುವ ಕೆಲಸಕ್ಕೆ ಬಣ್ಣ, ನೆರಳು, ಬಳುಕು ಎಲ್ಲವನ್ನೂ ಸುರಿದು, ದರ್ಜೆಯ ಮಾತನ್ನು ಮರೆತುಬಿಡುತ್ತೇವೆಂದು ನನ್ನ ಅಲ್ಪಮತಿಗೆ ತೋರಿದ್ದರಿಂದ ಈ ವಿಷಯವನ್ನು ಕುರಿತು ಬರೆಯಲು ಮನಸ್ಸು ಮಾಡಿದ್ದೇನೆ.

ಕಳೆದ ವರ್ಷ ನಮ್ಮ ತರಗತಿಯ ಐವರು ಸೇರಿ, ಭೀಮಾತೀರದಲ್ಲಿರುವ ನನ್ನ ಹುಟ್ಟೂರು ದೇವಣಗಾಂವದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹಾಡು, ಒಗಟುಗಳನ್ನು ಸಂಗ್ರಹಿಸಿದೆವು. ನಾಲ್ವರು ಗೆಳೆಯರು ಒಂದೊಂದು ಭಾಗವನ್ನು ಬೇರೆ ಬೇರೆ ಗಣಕಯಂತ್ರಗಳಲ್ಲಿ ಬೆರಳಚ್ಚು ಮಾಡಿ ತಂದರು. ಎಲ್ಲವನ್ನೂ ಒಂದು ಪುಸ್ತಕವಾಗಿ ಕೂಡಿಸುವ ಹೊಣೆ ನನಗೆ ಬಂದಿತು. ಎಲ್ಲ ತಲೆಬರಹಗಳೂ 'ವರ್ಡ್ ಆರ್ಟ್' ಎಂಬ ಅಲಂಕಾರದ ಅಕ್ಷರಗಳಲ್ಲಿದ್ದವು. ಬಣ್ಣ ಒಂದೇ, ಅಕ್ಷರಶೈಲಿ ಒಂದೇ, ಪೆಟ್ಟಿಗೆಯ ಅಳತೆಯೂ ಒಂದೇ; ಆದರೂ ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಒಂದು ಪುಸ್ತಕದವೆಂದು ಅನ್ನಿಸುತ್ತಿರಲಿಲ್ಲ.

ಬೀಸುಕಲ್ಲಿನ ಪದಗಳನ್ನು ಹೇಳಿಕೊಟ್ಟ ನಮ್ಮ ಓಣಿಯ ಆಯಿಯೊಬ್ಬಳಿಗೆ ಆ ಕರಡನ್ನು ತೋರಿಸಿದೆ. ಆಕೆ ಓದು ಬಲ್ಲವಳಲ್ಲ. ತನ್ನ ಹಾಡು ಯಾವುದೆಂದು ಕೇಳಿಕೊಂಡು, ಹಾಳೆಗಳನ್ನು ತಿರುವಿ ನೋಡಿ, "ಯಾಕೋ ಯಪ್ಪಾ, ನಮ್ಮ ಹಾಡು ಇಷ್ಟ್ ಸಣ್ಣದಾತು? ಒಗಟ ಏನ್ ಹಾಡಿಗಿಂತ ದೊಡ್ಡದೇನು?" ಎಂದಳು. "ಇಲ್ಲ ಆಯಿ, ಎರಡೂ ಸಮಾ" ಎಂದೆ. "ಮತ್ತ ಹಂಗ ಕಾಣವಲ್ದಲ್ಲ" ಎಂದಳು.

ಆಕೆಯ ಕಣ್ಣು ಸರಿಯಾಗಿಯೇ ಇತ್ತು. 'ಒಗಟು' ಎಂಬುದು ಮೂರು ಅಕ್ಷರ. 'ಬೀಸುಕಲ್ಲಿನ ಪದ' ಏಳು ಅಕ್ಷರ. ಆರು ಇಂಚು ಅಗಲದ ಪೆಟ್ಟಿಗೆಯಲ್ಲಿ ಇವೆರಡನ್ನೂ ಅಂಚಿನಿಂದ ಅಂಚಿಗೆ ಎಳೆದು ತುಂಬಿಸಿದರೆ ಮೊದಲನೆಯದರ ಪಾಲಿಗೆ ಅಕ್ಷರಕ್ಕೆ ಎರಡು ಇಂಚು ಬರುತ್ತದೆ. ಎರಡನೆಯದಕ್ಕೆ ಒಂದು ಇಂಚೂ ಸಾಲದು. ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಲಿಪಿಯಲ್ಲಿ ಒತ್ತಕ್ಷರವು ಸಾಲಿನ ಕೆಳಗೆ ಇಳಿಯುತ್ತದೆ. ಪೆಟ್ಟಿಗೆಯ ಎತ್ತರ ಒಂದು ಇಂಚು, ಅಂದರೆ 72 ಪಾಯಿಂಟ್ ಎಂದಿಟ್ಟುಕೊಳ್ಳಿ. ಒತ್ತಿಲ್ಲದ 'ಒಗಟು' ಅದನ್ನು ಪೂರ್ತಿಯಾಗಿ ತುಂಬುತ್ತದೆ. 'ಲ್ಲಿ' ಇರುವ ಕಡೆ ಒತ್ತಕ್ಕೆ ಮೂರರಲ್ಲೊಂದು ಪಾಲು ಹೋದರೆ ಮೇಲಿನ ಸಾಲಿಗೆ ಉಳಿಯುವುದು 48 ಪಾಯಿಂಟ್ ಮಾತ್ರ. ಒಂದೇ ಒಂದು ಒತ್ತಕ್ಷರದ ದೆಸೆಯಿಂದ ಉಳಿದ ಆರೂ ಅಕ್ಷರಗಳು ಕುಗ್ಗುತ್ತವೆ. ಅಗಲ ಎಳೆದದ್ದರಿಂದ ನಮ್ಮ ದುಂಡು ಅಕ್ಷರಗಳು ಬಡಿದು ಚಪ್ಪಟೆ ಮಾಡಿದ ರೊಟ್ಟಿಯಂತಾಗುವುದು ಬೇರೆ. ಹೀಗೆ ಪೆಟ್ಟಿಗೆಗಳನ್ನು ಸಮನಾಗಿಟ್ಟಷ್ಟೂ ಅಕ್ಷರಗಳು ಅಸಮವಾಗುತ್ತವೆ.

ಮೊಳೆ ಜೋಡಿಸಿ ಅಚ್ಚುಹಾಕುತ್ತಿದ್ದ ಕಾಲದಲ್ಲಿ ಈ ತೊಂದರೆ ಹುಟ್ಟುವಂತೆಯೇ ಇರಲಿಲ್ಲ. ಫ. ಗು. ಹಳಕಟ್ಟಿಯವರು (1880–1964) ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿ, 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರೆಂಬುದು ನಮ್ಮ ಜಿಲ್ಲೆಯವರಿಗೆಲ್ಲ ತಿಳಿದ ಸಂಗತಿ. ಅಂಥ ಮುದ್ರಣಾಲಯಗಳಲ್ಲಿ ತಲೆಬರಹದ ಮೊಳೆಗಳು ಗೊತ್ತಾದ ಕೆಲವೇ ಅಳತೆಗಳಲ್ಲಿ ಎರಕವಾಗಿ ಬರುತ್ತಿದ್ದವು. ಸೀಸದ ಮೊಳೆಯನ್ನು ಯಾರೂ ಎಳೆದು ಅಗಲ ಮಾಡಲಾರರು. ಮೂರಕ್ಷರದ ಹೆಸರಾದರೆ ಎರಡೂ ಬದಿಗೆ ಖಾಲಿ ಜಾಗ ಬಿಡುತ್ತಿದ್ದರು; ಉದ್ದದ್ದಾದರೆ ಎರಡು ಸಾಲು ಮಾಡುತ್ತಿದ್ದರು. ಬಡತನವೇ ಅಲ್ಲಿ ಶಿಸ್ತನ್ನು ಕಾಯುತ್ತಿತ್ತೆಂದು ಹೇಳಬಹುದು.

ಹಾಗಾದರೆ ಕಟ್ಟು ಹಾಕಿದ ಜಾಗದಲ್ಲಿ ಅಕ್ಷರ ತುಂಬುವುದೇ ತಪ್ಪೇ? ಅಲ್ಲವೆಂಬುದಕ್ಕೆ ವಿಜಾಪುರದ ಇಬ್ರಾಹಿಂ ರೋಜಾ ಸಾಕ್ಷಿಯಾಗಿದೆ. ಎರಡನೆಯ ಇಬ್ರಾಹಿಂ ಆದಿಲಶಹನ (ಆಳಿಕೆ 1580–1627) ಆ ಸಮಾಧಿಯ ಗೋಡೆಗಳ ಮೇಲೆ ಅರಬ್ಬಿ ಲಿಪಿಯನ್ನು ಚೌಕಟ್ಟುಗಳಲ್ಲಿ ಕಂಡರಿಸಿದ್ದಾರೆ. ನಾನು ಆ ಲಿಪಿಯನ್ನು ಓದಲಾರೆ. ಆದರೆ ರೂಪವನ್ನು ನೋಡಬಲ್ಲೆ. ಆ ಕಲೆಯಲ್ಲಿ ಅಕ್ಷರದ ಅಳತೆಗೆ ಮೂಲಮಾನವಾಗಿರುವುದು ಲೇಖನಿಯ ತುದಿಯಿಂದ ಇಟ್ಟ ಒಂದು ಚುಕ್ಕೆ. ಇಂಥ ಅಕ್ಷರವು ಇಷ್ಟು ಚುಕ್ಕೆ ಎತ್ತರ ಎಂದು ಲೆಕ್ಕ ಹಾಕುವ ಆ ಪದ್ಧತಿಯು ಬಗದಾದಿನ ಇಬ್ನ್ ಮುಕ್ಲಾ (ಮರಣ 940) ಎಂಬಾತನದೆಂದು ಪ್ರಸಿದ್ಧಿ. ಚೌಕಟ್ಟಿಗೆ ಮಾತು ಹೆಚ್ಚಾದರೆ ಲಿಪಿಕಾರನು ಶಬ್ದಗಳನ್ನು ಒಂದರ ಮೇಲೊಂದು ಏರಿಸುತ್ತಾನೆ. ಲೇಖನಿಯ ದಪ್ಪವನ್ನು ಬದಲಿಸುವುದಿಲ್ಲ. ಅಳತೆಯು ಅಕ್ಷರದಿಂದ ಹುಟ್ಟಬೇಕು, ಚೌಕಟ್ಟಿನಿಂದಲ್ಲ ಎಂಬ ಸೂತ್ರ ನನಗೆ ದೊರೆತದ್ದು ಹೀಗೆ.

ಇದನ್ನು ಗಣಕಯಂತ್ರದಲ್ಲಿ ಆಚರಣೆಗೆ ತರುವುದು ಕಷ್ಟವಲ್ಲ. 'ವರ್ಡ್ ಆರ್ಟ್' ಬೇಕೇ ಬೇಕೆನ್ನುವವರು ಅಕ್ಷರವನ್ನು ಬಗ್ಗಿಸಿ ಎಳೆಯುವ 'ಟ್ರಾನ್ಸ್‌ಫಾರ್ಮ್' ಎಂಬುದನ್ನು ತೆಗೆದುಹಾಕಬೇಕು. ಆಗ ಪೆಟ್ಟಿಗೆಯ ಅಧಿಕಾರ ತಪ್ಪಿ, ನಾವು ಕೊಟ್ಟ ಪಾಯಿಂಟ್ ಅಳತೆಯೇ ನಿಲ್ಲುತ್ತದೆ. ಅನಂತರ ಒಂದು ತಲೆಬರಹವನ್ನು ತೃಪ್ತಿಯಾಗುವಂತೆ ಮಾಡಿಕೊಂಡು, ಅದರ ನಕಲನ್ನೇ ಎಲ್ಲ ಕಡೆ ಅಂಟಿಸಿ, ಒಳಗಿನ ಶಬ್ದವನ್ನಷ್ಟೇ ತಿದ್ದಬೇಕು. ಪ್ರತಿಸಲ ಹೊಸದಾಗಿ ಮಾಡಹೋದರೆ ನೆರಳಿನ ದಿಕ್ಕೋ ಅಂಚಿನ ದಪ್ಪವೋ ಎಲ್ಲಿಯಾದರೂ ತಪ್ಪಿಯೇ ತಪ್ಪುತ್ತದೆ.

ಆದರೆ ನಾನು ಹಿಡಿದದ್ದು ಇನ್ನೊಂದು ದಾರಿ. ಅದೇ ಉತ್ತಮವೆಂದು ನನ್ನ ಅಭಿಪ್ರಾಯ. ವರ್ಡಿನ 2010ರ ಆವೃತ್ತಿಯಿಂದ ಈಚೆಗೆ ನೆರಳು, ಅಂಚುಗೆರೆ ಮುಂತಾದ ಅಲಂಕಾರಗಳನ್ನು ಸಾದಾ ಅಕ್ಷರಗಳಿಗೇ ತೊಡಿಸಬಹುದು. ಆ ಉಡುಪನ್ನು 'ಹೆಡಿಂಗ್ 1' ಎಂಬ ಸ್ಟೈಲಿನಲ್ಲಿ ಒಮ್ಮೆ ದಾಖಲು ಮಾಡಿಟ್ಟರೆ, ಆ ಸ್ಟೈಲನ್ನು ಹೊತ್ತ ತಲೆಬರಹಗಳೆಲ್ಲ ಒಂದೇ ವೇಷದಲ್ಲಿ ನಿಲ್ಲುತ್ತವೆ. ಅಧ್ಯಾಪಕರು "ಈ ಕೆಂಪು ಕಣ್ಣಿಗೆ ಹೊಡೆಯುತ್ತದೆ" ಎಂದರೆ ಸ್ಟೈಲಿನಲ್ಲಿ ಒಂದು ಸಲ ತಿದ್ದಿದರಾಯಿತು, ಪುಸ್ತಕವೆಲ್ಲ ತಿದ್ದಿದಂತೆಯೇ. ವಿಷಯಾನುಕ್ರಮಣಿಕೆಯನ್ನು ಯಂತ್ರವೇ ಪುಟಸಂಖ್ಯೆ ಸಹಿತ ಸಿದ್ಧಮಾಡಿಕೊಡುತ್ತದೆ. ಲಿಬ್ರೆ ಆಫೀಸ್ ಬಳಸುವವರಿಗೂ ಸ್ಟೈಲಿನ ಸೌಲಭ್ಯ ಇದ್ದೇ ಇದೆ. ಎಫ್11 ಒತ್ತಿದರೆ ಅದರ ಪಟ್ಟಿ ತೆರೆಯುತ್ತದೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ಸಾಲಿನ ಅಂತರವನ್ನು 'ಎಕ್ಸಾಕ್ಟ್ಲಿ' ಎಂದು ಬಿಗಿಯಾಗಿ ಗೊತ್ತುಮಾಡಿದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುವ ಭಯವುಂಟು. ಸಡಿಲ ಬಿಟ್ಟರೆ ಬೇರೆ ಬೇರೆ ಅಕ್ಷರಶೈಲಿಗಳಲ್ಲಿ ತಲೆಬರಹದ ಕೆಳಗಿನ ಜಾಗ ಬೇರೆ ಬೇರೆಯಾಗುತ್ತದೆ. ನಾನು 24 ಪಾಯಿಂಟ್ ಅಕ್ಷರಕ್ಕೆ 40 ಪಾಯಿಂಟ್ ಅಂತರವಿಟ್ಟೆ. 'ಸ್ತ್ರೀ' ಎಂಬಂತೆ ಒತ್ತಿನ ಕೆಳಗೆ ಒತ್ತು ಬರುವ ಶಬ್ದವನ್ನು ಬರೆದು ಪರೀಕ್ಷಿಸಿದ ಮೇಲೆಯೇ ಆ ಅಂಕಿಯನ್ನು ಖಾಯಂ ಮಾಡಿದ್ದು. ಇಂಗ್ಲಿಷ್ ಪುಸ್ತಕಗಳನ್ನು ನೋಡಿ ಅಳತೆ ಇಡುವವರಿಗೆ ಇದು ದುಂದುವೆಚ್ಚವೆಂದು ಕಂಡೀತು.

ಅಕ್ಷರಶೈಲಿಯ ಗೊಂದಲವೂ ಉಂಟು. ನಮ್ಮ ಗೆಳೆಯರಲ್ಲಿ ಇಬ್ಬರು ನುಡಿಯ ಹಳೆಯ ಅಕ್ಷರಶೈಲಿಯಲ್ಲಿಯೂ ಇಬ್ಬರು ಯೂನಿಕೋಡಿನಲ್ಲಿಯೂ ಬೆರಳಚ್ಚು ಮಾಡಿದ್ದರು. ಹಳೆಯ ನುಡಿಯ ಬರಹವು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ, ಸ್ಟೈಲ್ ತೊಡಿಸುವುದನ್ನು ಆಮೇಲೆ ಮಾಡಬೇಕು. ಕೊನೆಗೆ ಮುದ್ರಣಕ್ಕೆ ಕೊಡುವಾಗ ಪಿ.ಡಿ.ಎಫ್. ಮಾಡಿಯೇ ಕೊಡಬೇಕು, ಅದರಲ್ಲಿ ಅಕ್ಷರಶೈಲಿಯೂ ಅಡಕವಾಗಿ ಹೋಗುವುದರಿಂದ ಅಂಗಡಿಯವರ ಯಂತ್ರದಲ್ಲಿ ರೂಪ ಕೆಡುವುದಿಲ್ಲ.

ಪರೀಕ್ಷೆಗೆ ಪರದೆಯನ್ನು ನಂಬುವಂತಿಲ್ಲ. ಅಲ್ಲಿ ಒಂದು ಸಲಕ್ಕೆ ಒಂದೆರಡು ಪುಟ ಮಾತ್ರ ಕಾಣುತ್ತವೆ. ತಲೆಬರಹವಿರುವ ಹಾಳೆಗಳನ್ನಷ್ಟೇ ಮುದ್ರಿಸಿ, ನಮ್ಮ ಮನೆಯ ಪಡಸಾಲೆಯಲ್ಲಿ ಸಾಲಾಗಿ ಹಾಸಿ, ಹೊಸ್ತಿಲ ಮೇಲೆ ನಿಂತು ನೋಡಿದೆ. 'ಒಗಟು' ಈಗ ಪುಟದ ನಡುವೆ ಎರಡೂ ಕಡೆ ಬಯಲು ಬಿಟ್ಟುಕೊಂಡು ಕುಳಿತಿತ್ತು. 'ಬೀಸುಕಲ್ಲಿನ ಪದ', 'ಸೋಬಾನ', 'ಹಂತಿ ಪದ' ಅದೇ ಎತ್ತರದಲ್ಲಿ, ಮೇಲಂಚಿನಿಂದ ಅಷ್ಟೇ ದೂರದಲ್ಲಿ ಇದ್ದವು. ಒಂದು ಹಾಳೆಯಲ್ಲಿ ಮಾತ್ರ ತಲೆಬರಹವು ಒಂದು ಗೆರೆ ಕೆಳಗೆ ಇಳಿದಿತ್ತು. ಹುಡುಕಿ ನೋಡಲಾಗಿ, ಅದರ ಮೇಲೆ ಯಾರೋ ಎಂಟರ್ ಒತ್ತಿ ಬಿಟ್ಟ ಖಾಲಿ ಸಾಲೊಂದು ಸಿಕ್ಕಿತು. ಅದನ್ನು ಅಳಿಸಿ, ಆ ಪುಟವನ್ನು ಇನ್ನೊಮ್ಮೆ ಮುದ್ರಿಸಿದೆ.